ಜಾಹೀರಾತು ಕಾಣದ ಫೋನು

ಫೆಬ್ರವರಿ ೯

ಮಗಳಿಗೆ,

ಫೋನಿನಲ್ಲಿ ಕೇಳಬಹುದಾಗಿದ್ದನ್ನು ಕಾಗದದಲ್ಲಿ ಕೇಳುತ್ತಿದ್ದೇನೆ. ಹೋದ ಸಲ ಫೋನಿನಲ್ಲಿ ನಾನು ಒಂದು ಹೇಳಿ, ನೀನು ಎರಡು ಹೇಳಿ, ಕೊನೆಗೆ ನಿಮ್ಮಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಳ್ಳಬೇಕಾಯಿತು. ಕಾಗದವಾದರೆ ಉತ್ತರ ಬರುವಷ್ಟರಲ್ಲಿ ಇಬ್ಬರ ಸಿಟ್ಟೂ ಇಳಿದಿರುತ್ತದೆ.

ನಮ್ಮ ಲಿಫ್ಟ್ ಕಂಪನಿ ಬಾಗಿಲು ಹಾಕಿದ ಮೇಲೆ ಮೆಕ್ಯಾನಿಕ್‌ಗಳೆಲ್ಲ ಚೆಲ್ಲಾಪಿಲ್ಲಿಯಾದದ್ದು ನಿನಗೆ ಗೊತ್ತು. ಈಗ ಇನ್ನೊಂದು ದೊಡ್ಡ ಕಂಪನಿ ಈ ಊರಿನ ಲಿಫ್ಟುಗಳ ರಿಪೇರಿ ಗುತ್ತಿಗೆ ಹಿಡಿದಿದೆ. ಜನ ಬೇಕಂತೆ. ಕೇಳೋಣವೆಂದು ಅವರ ಕಚೇರಿಗೆ ಹೋದೆ. ಗಾಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಾರೆ: ‘ಅರ್ಜಿ ಸ್ವೀಕರಿಸುವುದಿಲ್ಲ. ಸೂಕ್ತ ವ್ಯಕ್ತಿಗಳನ್ನು ನಾವೇ ಹುಡುಕಿಕೊಳ್ಳುತ್ತೇವೆ.’ ಒಳಗಿದ್ದ ಹುಡುಗಿ, “ಜಾಹೀರಾತು ನಿಮ್ಮ ಫೋನಿಗೇ ಬರುತ್ತೆ ಸರ್, ಕಾಯ್ತಾ ಇರಿ” ಅಂದಳು.

ಕಾಯುತ್ತಿದ್ದೇನೆ. ಬೋಲ್ಟುವಿನ ಫೋನಿಗೆ ಬಂತು. ಬೋಲ್ಟು ನೆನಪಿದ್ದಾನಲ್ಲ, ನನ್ನ ಕೈಕೆಳಗೆ ಕೆಲಸ ಕಲಿತವನು, ಜೇಬಿನಲ್ಲಿ ಯಾವಾಗಲೂ ನಾಲ್ಕು ಬೋಲ್ಟು ಇಟ್ಟುಕೊಂಡು ತಿರುಗುತ್ತಿದ್ದ. ಅವನ ಫೋನಿನಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಅವನು ಅದನ್ನು ನನ್ನ ಫೋನಿಗೆ ಕಳಿಸಿದ. ಒತ್ತಿದರೆ ‘ಈ ಆಹ್ವಾನ ನಿಮಗಾಗಿ ಅಲ್ಲ’ ಎಂದು ಬಂತು. ರಿಪೇರಿ ಅಂಗಡಿಗೆ ಒಯ್ದು ತೋರಿಸಿದೆ. ಅಂಗಡಿಯವನು, “ಫೋನು ಚೆನ್ನಾಗೇ ಇದೆ ಯಜಮಾನ್ರೇ” ಅಂದ.

ಕೆಲಸಕ್ಕೆ ಜನ ಹುಡುಕಿಕೊಡುವ ಕಚೇರಿಯಲ್ಲೇ ನೀನಿರುವುದು. ನನ್ನ ಫೋನಿಗೆ ಏನಾಗಿದೆ ಎಂದು ನಿನಗೆ ಗೊತ್ತಿರಬಹುದು. ಬರೆ.

ನಿಮ್ಮಮ್ಮನಿಗೆ ಆಸ್ಪತ್ರೆಯಲ್ಲಿ ಎರಡೆರಡು ಪಾಳಿ. ವಾರ್ಡಿನಲ್ಲಿ ಹಾಸಿಗೆ ಬದಲಿಸಿ ಬಂದು ಇಲ್ಲಿ ಹಾಸಿಗೆ ಹಾಸದೇ ಮಲಗುತ್ತಾಳೆ. ಇದು ಹೀಗೇ ನಡೆಯಬಾರದು.

ಇಂತಿ,
ಅಪ್ಪ


ಫೆಬ್ರವರಿ ೧೮

ಅಪ್ಪ,

ನಿಮ್ಮ ಕಾಗದ ಸಿಕ್ಕಿತು. ನಿಮ್ಮ ಫೋನಿಗೆ ಏನೂ ಆಗಿಲ್ಲ.

ಈಗ ಕಂಪನಿಗಳು ಪೇಪರಿನಲ್ಲಿ ಜಾಹೀರಾತು ಕೊಡುವುದಿಲ್ಲ. ಯಾರು ಏನು ನೋಡುತ್ತಾರೆ, ಯಾವುದನ್ನು ಇಷ್ಟಪಡುತ್ತಾರೆ, ಏನು ಬರೆಯುತ್ತಾರೆ ಎಂಬುದನ್ನು ಎಐ ಓದುತ್ತದೆ. ಈ ಕೆಲಸಕ್ಕೆ ಇಂಥವರು ಸರಿ ಎಂದು ಅದಕ್ಕೆ ಅನ್ನಿಸಿದರೆ ಅವರ ಫೋನಿಗೆ ಮಾತ್ರ ಜಾಹೀರಾತು ಹೋಗುತ್ತದೆ. ಆಮೇಲೆ ಸಂದರ್ಶನವೂ ಫೋನಿನಲ್ಲೇ. ಅಂಕ ಕೊಡುವುದೂ ಅದೇ. ಹಾಗಾಗಿ ಬರಲಿಲ್ಲವೆಂದರೆ ನಿಮ್ಮಲ್ಲಿ ಏನೋ ಕೊರತೆ ಇದೆ ಎಂದು ಅರ್ಥವಲ್ಲ. ಎಷ್ಟೋ ಜನರಿಗೆ ಬರುವುದಿಲ್ಲ.

ಅದರ ಹಿಂದೆಯೇ ಬೀಳಬೇಡಿ. ನಮ್ಮ ಪಕ್ಕದ ಕಟ್ಟಡದಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಕೆಲಸ ಇದೆ. ಕುರ್ಚಿ ಕೊಡುತ್ತಾರೆ. ಹೇಳಿ, ನಾನು ಮಾತಾಡುತ್ತೇನೆ.

ಅಮ್ಮನಿಗೆ ಎರಡನೇ ಪಾಳಿ ಬಿಡಲು ಹೇಳಿ.

ನಿಮ್ಮ,
ಮಗಳು


ಮಾರ್ಚ್ ೨

ಮಗಳಿಗೆ,

ಕುರ್ಚಿ ಕೊಡುತ್ತಾರೆ ಎಂದು ಬರೆದಿದ್ದೀಯ. ಕುರ್ಚಿ ನಮ್ಮ ಮನೆಯಲ್ಲಿ ಮೂರಿವೆ.

ನೀನು ಬರೆದ ಮೇಲೆ ನಾನೂ ಪಟ್ಟು ಹಿಡಿದೆ. ಯಂತ್ರ ನನ್ನನ್ನು ನೋಡಲಿ ಎಂದು ದಿನವಿಡೀ ಫೋನಿನಲ್ಲಿ ಲಿಫ್ಟುಗಳನ್ನೇ ನೋಡಿದೆ. ಯಾವ ದೇಶದ ಲಿಫ್ಟನ್ನೂ ಬಿಡಲಿಲ್ಲ. ಎಲ್ಲಕ್ಕೂ ಹೆಬ್ಬೆರಳು ಎತ್ತಿದೆ. ನಿಮ್ಮಮ್ಮ, “ಕಾಲೇಜು ಹುಡುಗನ ಹಾಗಾಗಿದೀರಿ, ಊಟಕ್ಕಾದರೂ ತಲೆ ಎತ್ತಿ” ಅಂತಾಳೆ.

ಅದಕ್ಕೆ ಪ್ರತಿಫಲವಾಗಿ ನನಗೆ ಬಂದ ಜಾಹೀರಾತುಗಳು ಯಾವುವು ಗೊತ್ತಾ? ಮಂಡಿನೋವಿನ ಎಣ್ಣೆ. ಕಿವಿಗೆ ಹಾಕುವ ಯಂತ್ರ. ಮೆಟ್ಟಿಲು ಹತ್ತಲಾಗದ ಹಿರಿಯರಿಗಾಗಿ ಮನೆಯೊಳಗೆ ಕೂರಿಸುವ ಪುಟ್ಟ ಲಿಫ್ಟು. ಮೆಕ್ಯಾನಿಕ್ಕಿಗೇ ಲಿಫ್ಟು ಮಾರುತ್ತಿದ್ದಾರೆ. ಬೋಲ್ಟು ನಕ್ಕೂ ನಕ್ಕೂ ಗೋಡೆಗೆ ಒರಗಿದ. ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಯೋಚನೆ ಬಂತು. ನಿಮ್ಮ ಯಂತ್ರಕ್ಕೆ ನಾನು ಕಾಣುತ್ತಿಲ್ಲ ಎನ್ನುವುದು ಸುಳ್ಳು. ಚೆನ್ನಾಗಿಯೇ ಕಾಣುತ್ತಿದ್ದೇನೆ.

ಇನ್ನೊಂದು ಮಾತು. ಬೋಲ್ಟುವಿಗೆ ಬಂದ ಜಾಹೀರಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನು ಹಾಕಿಸಿದ ಕಚೇರಿಯ ಹೆಸರಿದೆ. ಅವನು ದೊಡ್ಡದು ಮಾಡಿ ತೋರಿಸಿದ. ನಿನ್ನ ಕಚೇರಿ ಅದು.

ಈ ಜಾಹೀರಾತನ್ನು ನೀನು ಬಲ್ಲೆಯಾ? ನೆಟ್ಟಗೆ ಉತ್ತರ ಬರೆ. ನಾನು ಸುತ್ತಿ ಬಳಸಿ ಕೇಳಿಲ್ಲ.

ಇಂತಿ,
ಅಪ್ಪ


ಮಾರ್ಚ್ ೧೧

ಅಪ್ಪ,

ಬಲ್ಲೆ. ಆ ಜಾಹೀರಾತು ನನ್ನ ಮೇಜಿನಿಂದಲೇ ಹೋಗುವುದು.

ನೆಟ್ಟಗೆ ಕೇಳಿದ್ದೀರಿ, ನೆಟ್ಟಗೆ ಬರೆಯುತ್ತೇನೆ. ಜಾಹೀರಾತು ಯಾರಿಗೆ ಕಾಣಬೇಕು ಎಂದು ಹೇಳಲು ನಮ್ಮ ಕಂಪ್ಯೂಟರಿನಲ್ಲಿ ಒಂದು ಗೆರೆ ಇರುತ್ತದೆ. ಒಂದು ತುದಿಯಲ್ಲಿ ಕಿರಿಯ ವಯಸ್ಸು, ಇನ್ನೊಂದು ತುದಿಯಲ್ಲಿ ಹಿರಿಯ ವಯಸ್ಸು. ಎರಡನ್ನೂ ಎಳೆದು ನಿಲ್ಲಿಸಬಹುದು. ಲಿಫ್ಟ್ ಕಂಪನಿಯವರು, “ನಲವತ್ತೈದಕ್ಕೆ ನಿಲ್ಲಿಸಿ” ಅಂದರು. ಬಾಯಿಮಾತಿನಲ್ಲಿ ಅಂದರು. ವಯಸ್ಸಿನ ಕಾರಣಕ್ಕೆ ಯಾರನ್ನೂ ಕೆಲಸದಿಂದ ದೂರ ಇಡಬಾರದೆಂದು ನಿಯಮವಿದೆ, ಹಾಗಾಗಿ ಯಾರೂ ಅದನ್ನು ಬರೆದು ಕೊಡುವುದಿಲ್ಲ. ತಿರಸ್ಕರಿಸಿದರೆ ತಾನೇ ಯಾರಾದರೂ ಪ್ರಶ್ನಿಸುವುದು? ಜಾಹೀರಾತೇ ಕಾಣದವನು ಏನನ್ನು ಪ್ರಶ್ನಿಸುತ್ತಾನೆ?

ಗೆರೆಯನ್ನು ಎಳೆದು ನಲವತ್ತೈದಕ್ಕೆ ನಿಲ್ಲಿಸಿದವಳು ನಾನು. ಜನವರಿಯಲ್ಲಿ. ಆಗ ನೀವು ಕೆಲಸವಿಲ್ಲದೆ ಮನೆಯಲ್ಲಿದ್ದಿರಿ. ನನಗದು ಗೊತ್ತಿತ್ತು. ನಿಮಗೆ ಐವತ್ತಮೂರು ಎಂದೂ ಗೊತ್ತಿತ್ತು. ಹತ್ತು ಕಂಪನಿಗಳ ಕೆಲಸದ ಮಧ್ಯೆ ಅದೂ ಒಂದು ಎಂದು ಮಾಡಿ ಮುಗಿಸಿದೆ.

ಇದನ್ನು ಬೋಲ್ಟುವಿಗಾಗಲಿ ಬೇರೆ ಯಾರಿಗಾಗಲಿ ಹೇಳಬೇಡಿ. ನನ್ನ ಕೆಲಸಕ್ಕೆ ಕುತ್ತು ಬರುತ್ತದೆ.

ಮಗಳು


ಮಾರ್ಚ್ ೨೭

ಮಗಳೇ,

ಬರೆಯುತ್ತಿರುವುದು ಅಮ್ಮ. ಊಟದ ಬಿಡುವಿನಲ್ಲಿ, ವಾರ್ಡಿನ ಕಿಟಕಿ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನೀನು ಏನು ಬರೆದೆ? ಅವರು ಕಾಗದ ಓದಿ ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡರು. ಒಗೆಯಲು ಹಾಕುವಾಗಲೂ ತೆಗೆದು ಬೇರೆ ಅಂಗಿಗೆ ಸೇರಿಸುತ್ತಾರೆ. ನನಗೆ ಕೊಡುವುದಿಲ್ಲ. “ಏನಂತೆ ಮಗಳು?” ಅಂದರೆ “ಚೆನ್ನಾಗಿದ್ದಾಳೆ” ಅಂತಾರೆ. ಚೆನ್ನಾಗಿರುವವರ ಕಾಗದವನ್ನು ಹೀಗೆ ಯಾರೂ ಬಚ್ಚಿಡುವುದಿಲ್ಲ.

ಮೊನ್ನೆ ಮೀಸೆ ಬೋಳಿಸಿಕೊಂಡರು. ಮದುವೆಯಾದಾಗಿನಿಂದ ಇದ್ದ ಮೀಸೆ. ಬಾಗಿಲು ತೆಗೆದವಳು ಯಾರೋ ಅಂದುಕೊಂಡು, “ಅವರು ಮನೇಲಿಲ್ಲ” ಅಂದುಬಿಟ್ಟೆ. ತಲೆಗೂ ಏನೋ ಹಚ್ಚಿದ್ದಾರೆ, ದಿಂಬಿನ ಹೊದಿಕೆಯೆಲ್ಲ ಕಪ್ಪಾಗಿದೆ. ಆಲ್ಬಮ್ಮಿನಿಂದ ಒಂದು ಫೋಟೋ ಕಿತ್ತಿದ್ದಾರೆ. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಲಿಫ್ಟಿನ ತಲೆಯ ಮೇಲೆ ನಿಂತು ತೆಗೆಸಿಕೊಂಡದ್ದು. ಬೋಲ್ಟು ಬಂದು ಇಬ್ಬರೂ ಬಾಗಿಲು ಹಾಕಿಕೊಂಡು ಗುಸುಗುಸು ಮಾತಾಡುತ್ತಾರೆ.

ಏನು ನಡೆಯುತ್ತಿದೆ ಎಂದು ನಿಮ್ಮಿಬ್ಬರಲ್ಲಿ ಒಬ್ಬರಾದರೂ ನನಗೆ ಹೇಳಿ. ಈ ವಯಸ್ಸಿನಲ್ಲಿ ಇನ್ನೊಬ್ಬಳನ್ನು ಹುಡುಕುವಷ್ಟು ಚುರುಕು ಅವರಿಗಿಲ್ಲ ಎಂಬ ಧೈರ್ಯ ಒಂದಿದೆ.

ಗಂಟೆ ಬಾರಿಸಿದರು.

ಅಮ್ಮ


ಏಪ್ರಿಲ್ ೬

ಮಗಳಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಎರಡು ಸಲ ಕುಳಿತು ಎದ್ದೆ. ಈಗ ಬರೆಯಲು ವಿಷಯ ಸಿಕ್ಕಿದೆ.

ನನಗೂ ಜಾಹೀರಾತು ಬಂತು.

ಬೋಲ್ಟು ಹೊಸ ಖಾತೆ ಮಾಡಿಕೊಟ್ಟ. ಫೋಟೋ ನನ್ನದೇ, ಸ್ವಲ್ಪ ಹಳೆಯದು. ಹುಟ್ಟಿದ ವರ್ಷ ಕೇಳಿತು, ಬೋಲ್ಟು ತನ್ನ ವರ್ಷ ಒತ್ತಿದ. ನಾನು ಬೇಡ ಅನ್ನಲಿಲ್ಲ. ಗಡಿಬಿಡಿಯಲ್ಲಿ ಆದದ್ದೆಂದು ನಿನಗೆ ಹೇಳುವುದಿಲ್ಲ, ನೋಡಿಕೊಂಡೇ ಸುಮ್ಮನಿದ್ದೆ. ಉಳಿದದ್ದೆಲ್ಲ ನಾನೇ ಮಾಡಿದೆ. ಲಿಫ್ಟಿನ ಬಾಗಿಲು ಯಾಕೆ ಅರ್ಧಕ್ಕೆ ನಿಲ್ಲುತ್ತದೆ ಎಂದು ಹೇಳಿ ವೀಡಿಯೋ ಹಾಕಿದೆ, ಕೈ ಮಾತ್ರ ಕಾಣುವ ಹಾಗೆ. ಊರೂರಿನ ಜನ ನೋಡಿದ್ದಾರೆ. ವಾರ ಕಳೆಯುವುದರೊಳಗೆ ಜಾಹೀರಾತು ನನ್ನ ಫೋನಿಗೆ ಬಂದು ಬಿತ್ತು. ಒತ್ತಿದೆ. ಈ ಸಲ ‘ನಿಮಗಾಗಿ ಅಲ್ಲ’ ಎನ್ನಲಿಲ್ಲ. ‘ನಿಮ್ಮಂಥವರನ್ನೇ ಹುಡುಕುತ್ತಿದ್ದೆವು’ ಅಂತು.

ಸಂದರ್ಶನವೂ ಆಯಿತು. ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕುಳಿತೆ. ಒಬ್ಬ ಹೆಂಗಸಿನ ದನಿ, ಮುಖವಿಲ್ಲ. “ಒತ್ತಡವನ್ನು ಹೇಗೆ ನಿಭಾಯಿಸುತ್ತೀರಿ?” ಅಂತು. “ಯಾವ ಒತ್ತಡ ತಾಯಿ, ಲಿಫ್ಟಿನ ಎಣ್ಣೆಯದಾ, ಮನಸ್ಸಿಂದಾ?” ಅಂದೆ. ಅದು ಉತ್ತರ ಕೊಡಲಿಲ್ಲ, ಮೂಲೆಯಲ್ಲಿ ಉಳಿದ ಸೆಕೆಂಡುಗಳ ಅಂಕಿ ಇಳಿಯುತ್ತಾ ಹೋಯಿತು. ಸರಿ ಅಂತ ಎರಡಕ್ಕೂ ಹೇಳಿದೆ. ಕೊನೆಗೆ ಧನ್ಯವಾದ ಅಂತು. “ನೀವೂ ಊಟ ಮಾಡಿ ತಾಯಿ, ಹೊತ್ತಾಯಿತು” ಅಂದೆ. ಬೋಲ್ಟು ಹಣೆ ಬಡಿದುಕೊಂಡ.

ಕೆಲಸ ಸಿಕ್ಕರೆ ಮಾಡಬಲ್ಲೆ. ಮಂಡಿ ನೋಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಕೆಲಸಕ್ಕೆ ಬೇಕಾದ್ದು ನನ್ನಲ್ಲಿ ಇನ್ನೂ ಇದೆ. ನಿಮ್ಮಮ್ಮನಿಗೂ ಎಲ್ಲ ಹೇಳಿದ್ದೇನೆ, ನಿನ್ನ ಗೆರೆಯದೊಂದು ಬಿಟ್ಟು.

ಇಂತಿ,
ಅಪ್ಪ


ಏಪ್ರಿಲ್ ೧೩

ಅಪ್ಪ,

ನೀವು ನನ್ನ ಪರದೆಯ ಮೇಲೆ ಬಂದಿದ್ದೀರಿ.

ನಮ್ಮಲ್ಲಿ ಎಲ್ಲವನ್ನೂ ಎಐ ಮಾಡಿದರೂ ಕಡೆಗೊಂದು ಹಂತವಿದೆ. ಮನುಷ್ಯರೊಬ್ಬರು ನೋಡಿದ್ದಾರೆ ಎಂದು ಹೇಳಿಕೊಳ್ಳುವುದಕ್ಕಾಗಿ ಇಟ್ಟದ್ದು. ಆ ಒಬ್ಬಳು ನಾನು. ನನ್ನ ಮುಂದೆ ಎರಡು ಗುಂಡಿಗಳಿರುತ್ತವೆ, ಒಪ್ಪಿದೆ, ಒಪ್ಪಿಲ್ಲ. ಸಾಮಾನ್ಯವಾಗಿ ಎಐ ಏನು ಹೇಳಿದೆಯೋ ಅದನ್ನೇ ಒತ್ತಿ ಮುಂದೆ ಹೋಗುತ್ತೇವೆ. ಇಂದು ಬೆಳಿಗ್ಗೆ ಮೊದಲು ಬಂದ ಹೆಸರು ನಿಮ್ಮದು. ಎಲ್ಲರಿಗಿಂತ ಹೆಚ್ಚು ಅಂಕ. ಪಕ್ಕದಲ್ಲಿ ಲಿಫ್ಟಿನ ಮೇಲೆ ನಿಂತ ಹುಡುಗನ ಫೋಟೋ. ಕೆಳಗೆ ಕೆಂಪು ಬಣ್ಣದಲ್ಲಿ ಒಂದು ಸಾಲು: ‘ಫೋಟೋಗೂ ವೀಡಿಯೋಗೂ ಮುಖ ತಾಳೆಯಾಗುತ್ತಿಲ್ಲ. ಪರಿಶೀಲಕರು ನಿರ್ಧರಿಸಿ.’

ಸಂದರ್ಶನದ ವೀಡಿಯೋ ನೋಡಿದೆ. ಮೀಸೆಯಿಲ್ಲದ ನಿಮ್ಮನ್ನು ನಾನು ನೋಡಿದ್ದೇ ಇಲ್ಲ. ಹಿಂದೆ ಹಗ್ಗದ ಮೇಲೆ ಅಮ್ಮನ ಯೂನಿಫಾರ್ಮ್ ಒಣಗುತ್ತಿತ್ತು. ನೀವು ಪ್ರತಿ ಪ್ರಶ್ನೆ ಬಂದಾಗಲೂ ಅಂಗಿಯ ಕಾಲರ್ ಸರಿಮಾಡಿಕೊಂಡಿರಿ. ಪಕ್ಕದ ಮೇಜಿನವಳು ಬಗ್ಗಿ ನೋಡಿ, “ಯಾರೇ ಇದು, ಪಾಪ, ಕೂದಲಿಗೆ ಬಣ್ಣ ಬಳಿದಿದ್ದಾರೆ” ಅಂದಳು.

ಈಗ ನನ್ನ ಸ್ಥಿತಿ ಕೇಳಿ. ನಾನು ಒಪ್ಪಿದರೆ, ಕೆಲಸಕ್ಕೆ ಸೇರುವ ದಿನ ನಿಮ್ಮ ದಾಖಲೆ ನೋಡುತ್ತಾರೆ. ವರ್ಷ ಸುಳ್ಳೆಂದು ಗೊತ್ತಾಗುತ್ತದೆ. ಒಪ್ಪಿದವಳು ನಿಮ್ಮ ಮಗಳೆಂದೂ ಗೊತ್ತಾಗುತ್ತದೆ. ಒಪ್ಪದಿದ್ದರೆ ನಿಮ್ಮ ಹೆಸರಿನ ಮುಂದೆ ‘ಮೋಸದ ಖಾತೆ’ ಎಂದು ಬೀಳುತ್ತದೆ. ಅದು ನಾವು ಜನ ಒದಗಿಸುವ ಎಲ್ಲ ಕಂಪನಿಗಳಿಗೂ ಹೋಗುತ್ತದೆ. ಇನ್ನು ಎಲ್ಲಿಯೂ ನಿಮಗೆ ಬಾಗಿಲು ತೆರೆಯುವುದಿಲ್ಲ.

ಇಪ್ಪತ್ತನಾಲ್ಕನೇ ತಾರೀಖಿನೊಳಗೆ ನಾನು ಒತ್ತಬೇಕು. ಅದಕ್ಕೆ ಮುಂಚೆ ನೀವೇ ಹಿಂದೆ ಸರಿಯಿರಿ. ಬಂದ ಸಂದೇಶದ ಕೆಳಗೆ ‘ನನಗೆ ಆಸಕ್ತಿಯಿಲ್ಲ’ ಎಂದಿದೆ, ಅದನ್ನು ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆ. ನಿಮಗೂ ತೊಂದರೆಯಿಲ್ಲ, ನನಗೂ ಇಲ್ಲ. ದಯವಿಟ್ಟು ಒತ್ತಿ ಅಪ್ಪ.

ಮಗಳು


ಏಪ್ರಿಲ್ ೧೮

ಮಗಳಿಗೆ,

ಒತ್ತುವುದಿಲ್ಲ.

ನನಗೆ ಆಸಕ್ತಿಯಿದೆ. ಇಲ್ಲ ಎಂದು ಒತ್ತಿದರೆ ಅದು ವರ್ಷದ ಸುಳ್ಳಿಗಿಂತ ದೊಡ್ಡ ಸುಳ್ಳು. ನಾಳೆ ಯಾರಾದರೂ ಕೇಳಿದರೆ ಅವರು ಏನು ಹೇಳುತ್ತಾರೆ? ಅವನಿಗೆ ಕೆಲಸ ಬೇಡವಾಗಿತ್ತು, ಅವನೇ ಬಿಟ್ಟ. ಇಷ್ಟು ತಿಂಗಳಿಂದ ಇದೇ ನಡೆಯುತ್ತಿದೆ. ಅವರು ಅರ್ಜಿ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ನಾನು ಅರ್ಜಿ ಹಾಕಿಯೇ ಇಲ್ಲ. ಅವರು ಜಾಹೀರಾತು ತೋರಿಸುವುದಿಲ್ಲ, ಹಾಗಾಗಿ ನಾನು ಕೇಳಿಯೇ ಇಲ್ಲ. ಯಾರೂ ನನಗೆ ಬೇಡ ಅಂದಿಲ್ಲ. ಆದರೂ ನಾನು ಮನೆಯಲ್ಲಿದ್ದೇನೆ.

ನನ್ನ ತಪ್ಪು ಎಲ್ಲಿದೆಯೋ ಅಲ್ಲಿ ಒಪ್ಪಿಕೊಳ್ಳುತ್ತೇನೆ. ವರ್ಷ ಸುಳ್ಳು, ಬರೆದುಕೊಡು ಅಂದರೆ ಬರೆದುಕೊಡುತ್ತೇನೆ. ನೀನು ನನ್ನನ್ನು ಒಪ್ಪಿಬಿಡು ಎಂದೂ ಕೇಳುತ್ತಿಲ್ಲ. ನಿನ್ನ ಅನ್ನಕ್ಕೆ ಕಲ್ಲು ಹಾಕಿ ನಾನು ಉಣ್ಣಲಾರೆ.

ಆದರೆ ನನಗೆ ವಯಸ್ಸಾಯಿತು, ಬೇಡ ಎಂದು ಹೇಳುವವರು ಇದ್ದಾರಲ್ಲ, ಅವರು ಒಂದು ಸಲ ಬಾಯಿ ಬಿಟ್ಟು ಹೇಳಲಿ. ಹೇಳಿ ಕೆಳಗೆ ಸಹಿ ಹಾಕಲಿ. ನಾನು ಹಿಂದೆ ಸರಿದು ಅವರ ಕೆಲಸ ಹಗುರ ಮಾಡುವುದಿಲ್ಲ.

ನಿಮ್ಮಮ್ಮನಿಗೆ ನಿನ್ನ ಮಾರ್ಚಿನ ಕಾಗದವನ್ನೂ ಕೊಟ್ಟೆ. ಓದಿ, ತುಂಬಾ ಹೊತ್ತು ಪಾತ್ರೆ ತೊಳೆದಳು. ತೊಳೆದಿದ್ದ ಪಾತ್ರೆಗಳವು.

ಅಪ್ಪ


ಏಪ್ರಿಲ್ ೨೫

ಅಪ್ಪ,

ನಿನ್ನೆ ಸಂಜೆಯವರೆಗೂ ನಾನು ಎರಡರಲ್ಲಿ ಯಾವುದನ್ನೂ ಒತ್ತಲಿಲ್ಲ. ಎದ್ದು ಮ್ಯಾನೇಜರ್ ಮೇಡಂ ಕೋಣೆಗೆ ಹೋಗಿ ಪರದೆ ತೋರಿಸಿ, ಇವರು ನಮ್ಮಪ್ಪ ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮೊದಲೇ ಹೇಳಬಾರದಿತ್ತಾ?”

“ಈಗ ಹೇಳ್ತಿದೀನಲ್ಲ ಮೇಡಂ.”

“ಸರಿ, ನೀವು ಪಕ್ಕಕ್ಕಿರಿ. ಮುಖ ತಾಳೆಯಾಗಿಲ್ಲ ಅಂತ ಹಾಕಿ ನಾನೇ ಮುಗಿಸ್ತೀನಿ. ಮೋಸದ ಖಾತೆ ಅನ್ನೋದು ಬೇಡ, ನಿಮ್ಮ ಮುಖ ನೋಡಿ ಅಷ್ಟು ಮಾಡ್ತೀನಿ.”

“ಕಾರಣ ಅದಲ್ಲ ಮೇಡಂ. ವಯಸ್ಸು ಕಾಣದೇ ಇದ್ದಾಗ ಎಐ ಇವರಿಗೇ ಜಾಸ್ತಿ ಅಂಕ ಕೊಟ್ಟಿದೆ. ನಾವು ಎಳೆದಿರೋ ಗೆರೆ ತೆಗೀಬಹುದಲ್ಲ?”

“ಕಂಪನಿಯವರು ತೆಗೆಯೋಕೆ ಬಿಡಲ್ಲ.”

“ಹಾಗಂತ ಬರೆದುಕೊಡಲಿ.”

ಅವರು ನಕ್ಕರು. ಕೆಟ್ಟ ನಗೆಯಲ್ಲ, ಸುಸ್ತಾದ ನಗೆ. “ಅಷ್ಟು ದಡ್ಡರಾ ಅವರು? ನೋಡಿ, ನನಗೀಗ ನಲವತ್ತೇಳು. ನನ್ನ ಫೋನಿಗೂ ಒಂದು ವರ್ಷದಿಂದ ಒಂದೇ ಒಂದು ಕೆಲಸದ ಜಾಹೀರಾತು ಬಂದಿಲ್ಲ. ಈ ಕುರ್ಚಿ ಬಿಟ್ಟರೆ ನನಗೆ ಬೇರೆ ಕುರ್ಚಿ ಇಲ್ಲ. ಹೋಗಿ, ಕೂತ್ಕೊಳ್ಳಿ.”

ಅವರೇ ಒತ್ತಿದರು. ನಿಮ್ಮ ಫೋನಿಗೆ ಈಗಾಗಲೇ ಸಂದೇಶ ಬಂದಿರುತ್ತದೆ. ‘ನಿಮ್ಮ ಆಸಕ್ತಿಗೆ ಧನ್ಯವಾದ, ಈ ಬಾರಿ ಬೇರೆಯವರೊಂದಿಗೆ ಮುಂದುವರಿಯುತ್ತಿದ್ದೇವೆ.’ ಅದರಲ್ಲಿ ಕಾರಣವಿರುವುದಿಲ್ಲ. ಕಳಿಸಿದವರ ಹೆಸರೂ ಇರುವುದಿಲ್ಲ. ಆ ವಾಕ್ಯವನ್ನು ಎಐ ಬರೆದದ್ದು.

ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ನಮ್ಮ ಕಚೇರಿಯ ಹೆಸರಿರುವ ಹಾಳೆ. ನಾನೇ ಬರೆದದ್ದು, ಕೈಬರಹದಲ್ಲಿ:

‘ಲಿಫ್ಟ್ ಮೆಕ್ಯಾನಿಕ್ ಹುದ್ದೆಗೆ ನಡೆದ ಸಂದರ್ಶನದಲ್ಲಿ ತಮಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂದಿದೆ. ಆದರೂ ತಮ್ಮನ್ನು ಆಯ್ಕೆ ಮಾಡಿಲ್ಲ. ತಮ್ಮ ಖಾತೆಯಲ್ಲಿ ಹುಟ್ಟಿದ ವರ್ಷ ತಪ್ಪಾಗಿತ್ತು. ಸರಿಯಾದ ವರ್ಷ ಹಾಕಿದ್ದರೆ ತಮಗೆ ಜಾಹೀರಾತೇ ಕಾಣುತ್ತಿರಲಿಲ್ಲ, ಏಕೆಂದರೆ ನಲವತ್ತೈದು ದಾಟಿದವರಿಗೆ ಅದು ಕಾಣದಂತೆ ಮಾಡಲಾಗಿದೆ. ಕಂಪನಿಯವರ ಬಾಯಿಮಾತಿನ ಸೂಚನೆಯ ಮೇರೆಗೆ ಹಾಗೆ ಮಾಡಿದವಳು ನಾನು.’

ಕೆಳಗೆ ನನ್ನ ಪೂರ್ತಿ ಹೆಸರು, ಹುದ್ದೆ, ಸಹಿ.

ಇದನ್ನು ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ನನ್ನ ಕೆಲಸದ ವಿಷಯ ಮಾರ್ಚಿನಲ್ಲಿ ಬರೆದದ್ದನ್ನು ಮರೆತುಬಿಡಿ.

ನಿಮ್ಮ,
ಮಗಳು


ಮೇ ೫

ಮಗಳಿಗೆ,

ನಿನ್ನ ಹಾಳೆ ಮೇಜಿನ ಮೇಲೆ ಮೂರು ದಿನ ಬಿದ್ದಿತ್ತು. ನಾನು ಮುಟ್ಟಲಿಲ್ಲ. ಫೋನಿನ ಸಂದೇಶವನ್ನು ಎಷ್ಟು ಸಲ ಓದಿದರೂ ಏನೂ ಅನ್ನಿಸುವುದಿಲ್ಲ. ಇದನ್ನು ಒಂದು ಸಲ ಓದಿದವನು ಎದ್ದು ಬೀದಿಯ ಕೊನೆಯವರೆಗೆ ನಡೆದು ಬಂದೆ.

ನಿಮ್ಮಮ್ಮ ಪಾಳಿಗೆ ಹೊರಟು ನಿಂತವಳು ಕೇಳಿದಳು, “ಕೊಡಲ್ವಾ ಅದನ್ನ?”

“ಕೊಟ್ಟರೆ ಅವಳ ಕೆಲಸ ಹೋಗುತ್ತೆ ಕಣೇ.”

“ಅದು ಗೊತ್ತಿಲ್ಲದೆ ಸಹಿ ಹಾಕಿದಾಳಾ? ನಿಮ್ಮ ಮಗಳು ಗೊತ್ತಿದ್ದೇ ಗೆರೆ ಎಳೆದಳು, ಗೊತ್ತಿದ್ದೇ ಸಹಿ ಹಾಕಿದಳು. ಮೊದಲನೇದಕ್ಕೆ ದೊಡ್ಡವಳು ಅಂತ ಅವಳ ಮೇಲೆ ಸಿಟ್ಟು ಮಾಡಿದಿರಿ. ಎರಡನೇದಕ್ಕೆ ಮಗು ಮಾಡ್ತೀರಾ?” ಅಂದು ಚಪ್ಪಲಿ ಮೆಟ್ಟಿ ಹೋದಳು.

ಸೋಮವಾರ ಕಾರ್ಮಿಕ ಇಲಾಖೆಗೆ ಹೋದೆ. ಬೋಲ್ಟು ಜೊತೆಗೆ ಬಂದ. ಅವನಿಗೆ ಆ ಕೆಲಸ ಸಿಕ್ಕಿದೆ. ಅದನ್ನು ನನಗೆ ಹೇಳಲಾಗದೆ ಒಂದು ವಾರ ತಲೆ ತಪ್ಪಿಸಿಕೊಂಡು ತಿರುಗಿದ್ದಾನೆ, ಪೆದ್ದ. ಬೆನ್ನಿಗೆ ಒಂದು ಗುದ್ದಿ ಸರಿ ಮಾಡಿದೆ.

ಮೂರನೇ ಕೋಣೆಯಲ್ಲಿ ಒಬ್ಬ ಅಧಿಕಾರಿ, ನಿನ್ನ ವಯಸ್ಸಿನವನು. ಮೊದಲು ನನ್ನ ತಪ್ಪು ಹೇಳಿದೆ, ವರ್ಷ ಸುಳ್ಳು ಹಾಕಿದ್ದು. ಬರೆದುಕೊಂಡ. “ಇದರಿಂದ ನಿಮ್ಮ ದೂರಿಗೆ ಪೆಟ್ಟು ಬೀಳಬಹುದು” ಅಂದ. ಬೀಳಲಿ ಅಂದೆ. ಆಮೇಲೆ ನಿನ್ನ ಹಾಳೆ ಕೊಟ್ಟೆ. ಓದಿದವನು ಇನ್ನೊಮ್ಮೆ ಮೊದಲಿನಿಂದ ಓದಿದ. ಪಕ್ಕದ ಕೋಣೆಯವರನ್ನು ಕರೆದು ತೋರಿಸಿದ. ಇಂಥ ದೂರು ಎಷ್ಟೋ ಬರುತ್ತವಂತೆ, ಆದರೆ ಒಳಗಿನವರು ಬರೆದುಕೊಟ್ಟದ್ದು ಇದೇ ಮೊದಲಂತೆ.

“ಸಹಿ ಹಾಕಿರೋರು ಯಾರು, ಗೊತ್ತಾ ನಿಮಗೆ?” ಅಂದ.

“ನನ್ನ ಮಗಳು.”

ಅವನು ಪೆನ್ನು ಕೆಳಗಿಟ್ಟ. “ಮಗಳ ಮೇಲೇ ದೂರಾ ಯಜಮಾನ್ರೇ?”

“ಅವಳ ಮೇಲಲ್ಲ ಸ್ವಾಮಿ. ಅವಳು ಸಾಕ್ಷಿ.”

ಅವನು ನನ್ನನ್ನೂ ಹಾಳೆಯನ್ನೂ ನೋಡಿದ. ಕೆಲಸ ಸಿಗುತ್ತದೆ ಎಂದು ಅವನು ಹೇಳಲಿಲ್ಲ. ಬಹುಶಃ ಸಿಗುವುದಿಲ್ಲ, ನನಗೂ ಗೊತ್ತು. ಕಂಪನಿಯವರನ್ನು ಕರೆಸುತ್ತಾರೆ, ಅವರು ವಕೀಲರನ್ನು ತರುತ್ತಾರೆ, ನಾವು ಹಾಗೆ ಹೇಳಿಯೇ ಇಲ್ಲ ಅನ್ನುತ್ತಾರೆ. ಆಗ ಹಾಳೆಯೊಂದೇ ಸಾಲದಂತೆ. ಬರೆದವರು ಬಂದು, ಎಲ್ಲರೆದುರು ನಿಂತು ಬಾಯಲ್ಲಿ ಹೇಳಬೇಕಂತೆ.

“ಬರ್ತಾರಾ ನಿಮ್ಮ ಮಗಳು?” ಅಂದ.

ಕೇಳಿ ಹೇಳುತ್ತೇನೆ ಅಂದೆ.

ಕೇಳುತ್ತಿದ್ದೇನೆ.

ನಿನ್ನ,
ಅಪ್ಪ